ಕರ್ಟನ್ ರಾಡಿನ ಬಂದೂಕು

ಹೂಫ್‌ಡಾರ್ಪ್ ಎಂಬ ಪರದೇಶದ ಊರಿನಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದ್ದರೂ ಹರಿಪ್ರಸಾದನ ಮೇಲೆ ಯಾರೊಬ್ಬರೂ ದೂರು ಹೇಳಿರಲಿಲ್ಲ. ದೂರು ಹೇಳುವಂಥದ್ದನ್ನು ಮಾಡುವುದಕ್ಕೂ ಕೈಯಲ್ಲಿ ಒಂದಿಷ್ಟು ಕಸುಬು ಬೇಕಾಗುತ್ತದೆ. ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವನ ಕೆಲಸ. ಮನೆಯಲ್ಲಿ ಅವನು ಮಾಡಿದ್ದರ ತಪ್ಪು ಹುಡುಕುವುದು ಹೆಂಡತಿ ಊರ್ಮಿಳಾಳ ಕೆಲಸ. ಆದರೆ ಅವಳಿಗೆ ಹುಡುಕುವ ಶ್ರಮವೇ ಬೀಳುತ್ತಿರಲಿಲ್ಲ. ಅವನು ಜೋಡಿಸಿದ ಕಪಾಟಿನಲ್ಲಿ ಪುಸ್ತಕಗಳು ಬಸ್ಸು ತಿರುವಿನಲ್ಲಿ ಹೋಗುವಾಗ ನಿಂತ ಪ್ರಯಾಣಿಕರ ಹಾಗೆ ಒಂದೇ ಕಡೆಗೆ ವಾಲಿ ನಿಂತಿರುತ್ತಿದ್ದವು.

ಈ ಸಂಗತಿ ಹಾನಗಲ್ಲಿನಲ್ಲಿದ್ದ ಮಾವ ಹಾಲಪ್ಪನವರಿಗೂ ತಿಳಿದಿತ್ತು. ಮದುವೆಯಾದ ಮೊದಲ ದೀಪಾವಳಿಗೆ ಮೈಸೂರಿನಿಂದ ಬಂದ ಹೊಸ ಅಳಿಯ, ಅಂಗಿ ತೂಗುಹಾಕಲು ಒಂದು ಮೊಳೆ ಹೊಡೆದುಕೊಳ್ಳುತ್ತೇನೆಂದು ಹೋಗಿ ಗೋಡೆಯೊಳಗಿನ ನೀರಿನ ಪೈಪಿಗೆ ಹೊಡೆದಿದ್ದ. ಹಬ್ಬದ ದಿನ ಪ್ಲಂಬರ್ ಸಿಕ್ಕದೆ, ಬಂದ ಬೀಗರೆಲ್ಲ ಸರದಿಯ ಮೇಲೆ ಗೋಡೆಗೆ ಹೆಬ್ಬೆರಳು ಒತ್ತಿಕೊಂಡು ನಿಲ್ಲಬೇಕಾಯಿತು. ಅಂದಿನಿಂದ ಹಾಲಪ್ಪನವರು ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು. “ನಮ್ಮ ಅಳಿಯಾರು ಭಾಳ ಶ್ಯಾಣ್ಯಾರು. ಕೈಯಾಗ ಸುತ್ತಿಗಿ ಒಂದು ಕೊಡಬ್ಯಾಡ್ರಿ.”

ಹಾಲಪ್ಪನವರದು ಬೇರೆ ಜಾತಿಯ ಕೈ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಅವರಲ್ಲಿ ಲೈಸನ್ಸಿನ ಒಂದು ಕೇಪಿನ ಬಂದೂಕಿತ್ತು; ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗುಂಡಿಟ್ಟು, ಗಜವೆಂಬ ಉದ್ದ ಕಡ್ಡಿಯಿಂದ ಜಡಿದು, ಹಿಂಭಾಗದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಕೇಪು ಸಿಕ್ಕಿಸಿ ಹೊಡೆಯುವ ಹಳೆಯ ಕಾಲದ್ದು. ಹೋದ ಚುನಾವಣೆಯಲ್ಲಿ ಎಲ್ಲರಂತೆ ಅವರೂ ಅದನ್ನು ಪೊಲೀಸ್ ಠಾಣೆಯಲ್ಲಿಟ್ಟರು. ಚುನಾವಣೆ ಮುಗಿದ ಮೇಲೆ ತರಲು ಹೋದಾಗ, “ಅಜ್ಜಾರ, ಎಪ್ಪತ್ತೆಂಟಾತು, ಇನ್ನ ಯಾತಕ್ಕ? ಇಲ್ಲೇ ಬಿಟ್ಟ ಬಿಡ್ರಿ,” ಎಂದರಂತೆ ಪೊಲೀಸರು. ಬಿಟ್ಟು ಬಂದರು. ಆಮೇಲೆ ಮಾತು ಕಡಿಮೆಯಾಯಿತು. ವಿಡಿಯೊ ಕಾಲಿನಲ್ಲಿ ಪರದೆಯ ತುಂಬ ಅತ್ತೆ ರಾಜಮ್ಮನವರೇ. ಮೂಲೆಯಲ್ಲಿ ಹಾಲಪ್ಪನವರ ಒಂದು ಕಿವಿ.

ಒಂದು ಭಾನುವಾರ ಆ ಕಿವಿಯನ್ನು ನೋಡಿ ಹರಿಪ್ರಸಾದನಿಗೆ ಏನನ್ನಿಸಿತೋ.

“ಮಾವ, ನಾನಿಲ್ಲಿ ಒಂದು ಕೇಪಿನ ಬಂದೂಕು ಮಾಡ್ತಿದೀನಿ,” ಎಂದುಬಿಟ್ಟ.

ಒಲೆಯ ಮುಂದೆ ಊರ್ಮಿಳಾಳ ಸೌಟು ನಿಂತಿತು. ಕಿವಿ ಇದ್ದಲ್ಲಿ ಹಾಲಪ್ಪನವರ ಪೂರ್ತಿ ಮುಖ ಬಂತು.

“ಖರೀದಿ ಮಾಡೀರೇನು?”

“ಇಲ್ಲ ಮಾವ, ಕೈಯಲ್ಲೇ ಮಾಡ್ತಿರೋದು.”

“ಯಾರ ಕೈಯಾಗ?”

“ನನ್ನ ಕೈಯಲ್ಲೇ!”

ನೆಟ್‌ವರ್ಕ್ ಹೋಯಿತೆಂದು ರಾಜಮ್ಮ ಫೋನನ್ನು ಎರಡು ಸಲ ಕುಲುಕಿದರು. ಆಮೇಲೆ, “ಅಲ್ಲೇನೈತಿ ನೋಡಾಕ, ನೀರು ಮತ್ತ ಆಕಳ” ಎಂದು ಹನ್ನೊಂದು ವರ್ಷದಿಂದ ಬರಲೊಪ್ಪದಿದ್ದ ಹಾಲಪ್ಪನವರು ಹೇಳಿದರು: “ಹಂಗಾದ್ರ ಬರ್ತೀವಿ. ನೀವು ಮಾಡಿದ ಬಂದೂಕ ನೀವು ಹೊಡದದ್ದು ನೋಡಿ ವಾಪಸ್ ಹೋಗ್ತೀವಿ.”

ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಹರಿಪ್ರಸಾದ ಮಾಡಿದ್ದಿಷ್ಟೇ. ಹಿಂದಿನ ದಿನ ಆಫೀಸಿನ ಸಹೋದ್ಯೋಗಿಯೊಬ್ಬನ ಜೊತೆ ಊರಾಚೆಯ ಶೂಟಿಂಗ್ ಕ್ಲಬ್ಬೊಂದಕ್ಕೆ ಹೋಗಿದ್ದ. ಅಲ್ಲಿ ಸಾರ್ವಜನಿಕರಿಗೆ ಪ್ರವೇಶವೂ ಇತ್ತು, ಬಟಾಣಿ ಸೂಪೂ ಇತ್ತು. ಮೇಜಿನ ಮೇಲೆ ಒಂದು ಉದ್ದನೆಯ ಪೆಟ್ಟಿಗೆಯೊಳಗೆ ಬಿಡಿಬಿಡಿಯಾಗಿ ಒಂದು ಬಂದೂಕು ಮಲಗಿತ್ತು: ಒರಟು ಮರದ ಹಿಡಿ, ನಳಿಗೆ, ಕೇಪಿಗೆ ಬಡಿಯುವ ಕುದುರೆ, ಹಿತ್ತಾಳೆಯ ಚೂರುಪಾರು, ಒಂದು ಪುಸ್ತಿಕೆ. ನೋಡಿ, ಸೂಪು ಮುಗಿಸಿ, ಬಂದಿದ್ದ.

ಮುಂದಿನ ಶನಿವಾರ ಓಡಿಹೋಗಿ ಆ ಪೆಟ್ಟಿಗೆಯ ಒಡೆಯ ಯಾರೆಂದು ಕೇಳಿದ. ಒಡೆಯ ಹೆಂಕ್, ಹಡಗು ಕಟ್ಟುವಲ್ಲಿ ಬಡಗಿಯಾಗಿದ್ದವನು, ಎಪ್ಪತ್ತನಾಲ್ಕರ ಮುದುಕ. ತನಗೆಂದೇ ಕೊಂಡಿದ್ದ, ಅಷ್ಟರಲ್ಲಿ ಬೆರಳುಗಳ ಗಂಟುಗಳು ಹಿಡಿದುಹೋದವು. ಹರಿಪ್ರಸಾದ ಮಾವನ ಕಥೆಯನ್ನೆಲ್ಲ ಹೇಳಿದ. ಹೆಂಕ್ ಅವನ ಕೈಗಳನ್ನು ತಿರುಗಿಸಿ ನೋಡಿದ. ಕೀಲಿಮಣೆ ಒತ್ತಿ ಒತ್ತಿ ಮೆತ್ತಗಾದ ಕೈಗಳು.

“ನಳಿಗೆ, ಕುದುರೆ ಇಲ್ಲೇ ಕಬ್ಬಿಣದ ಬೀರುವಿನಲ್ಲಿ ಇರುತ್ತವೆ. ಲೈಸನ್ಸು ನನ್ನ ಹೆಸರಿನಲ್ಲಿದೆ. ಹೊಡೆಯುವುದು ಇಲ್ಲೇ, ನಾನು ಪಕ್ಕದಲ್ಲಿದ್ದಾಗ,” ಎಂದ ಹೆಂಕ್. “ಮರ ಮರವೇ. ಅದನ್ನು ಮನೆಗೆ ತೆಗೆದುಕೊಂಡು ಹೋಗು. ಉಜ್ಜು. ಬೇಸರವಾದಾಗ ಇನ್ನೂ ಉಜ್ಜು.”

ಹರಿಪ್ರಸಾದ ಉಜ್ಜಿದ. ಜೂನಿನಿಂದ ಉಜ್ಜಿದ. ಮನೆಯ ಒಗ್ಗರಣೆಯಲ್ಲೆಲ್ಲ ಮರದ ಪುಡಿಯ ಘಮ ಬರತೊಡಗಿತು. ಮರದಲ್ಲಿ ನಳಿಗೆ ಕೂರುವ ಕಾಲುವೆ ಸರಿಯಾಗಿದೆಯೋ ಎಂದು ಆಗಾಗ ನೋಡಬೇಕಿತ್ತು, ನಳಿಗೆಯೋ ಬೀರುವಿನಲ್ಲಿ. ಅಷ್ಟೇ ದಪ್ಪದ್ದೊಂದು ಮನೆಯಲ್ಲಿ ಇತ್ತು. ಅದು ಕರ್ಟನ್ ರಾಡು.

ಈ ಕರ್ಟನ್ ರಾಡಿನ ಬಗ್ಗೆ ಒಂದು ಮಾತು. ಈ ದೇಶದವರು ಬೀದಿಗೆ ದೊಡ್ಡ ಗಾಜಿನ ಕಿಟಕಿಯಿಟ್ಟು ಅದಕ್ಕೆ ಪರದೆ ಹಾಕುವುದಿಲ್ಲ. ಒಳಗೆ ಯಾರು ಉಣ್ಣುತ್ತಿದ್ದಾರೆ, ಯಾರು ಕಾಲು ಚಾಚಿದ್ದಾರೆ ಎಲ್ಲ ಕಾಣುತ್ತದೆ. ಹಾದಿಹೋಕರು ಮರ್ಯಾದಸ್ಥರು, ನೋಡಿಯೂ ನೋಡುವುದಿಲ್ಲ. ಊರ್ಮಿಳಾಳೂ ಹನ್ನೊಂದು ವರ್ಷ ಹಾಗೇ ಇದ್ದಳು. ಈಗ ತಾಯಿ ಬರುತ್ತಾಳೆ, ನೆಲದ ಮೇಲೆ ಕೂತು ಉಣ್ಣುವವಳು, ಎಂದು ಪರದೆ ತಂದಿಟ್ಟಿದ್ದಳು. ಪರದೆ ಮಡಿಕೆಯಲ್ಲೇ ಉಳಿಯಿತು. ರಾಡು ಬಂದೂಕು ಸೇರಿತು.

“ರೀ, ಅವ್ವ ನಾಡಿದ್ದು ಬರ್ತಾಳೆ. ಕರ್ಟನ್?”

“ಇನ್ನೊಂದೇ ವಾರ ಊರ್ಮಿ. ಕಾಲುವೆ ಸ್ವಲ್ಪ ಸೊಟ್ಟ ಇದೆ.”

“ಕಾಲುವೆ ಸೊಟ್ಟ ಇಲ್ಲ. ನೀವು ಸೊಟ್ಟ ಕೂತಿದೀರಿ.”

ನೋಡಿದರೆ ಹಾಗೇ ಇತ್ತು.

ಸೆಪ್ಟೆಂಬರಿನಲ್ಲಿ ಹಾಲಪ್ಪನವರೂ ರಾಜಮ್ಮನವರೂ ಬಂದಿಳಿದರು. ವಿಮಾನ ನಿಲ್ದಾಣದಿಂದ ಮನೆಗೆ ಬರುವ ತನಕ ಹಾಲಪ್ಪನವರು ಬಂದೂಕಿನ ಮಾತೆತ್ತಲಿಲ್ಲ. ಮನೆ ಹೊಕ್ಕವರು ಕಾಲು ತೊಳೆದು, ನೇರ ಅದರ ಬಳಿ ಹೋಗಿ, ಮರದ ಮೇಲೆ ಬೆರಳೋಡಿಸಿದರು. ರಾಡನ್ನು ತಟ್ಟಿದರು. ಅದು ಡಬ್ಬಿಯಂತೆ ಸದ್ದು ಮಾಡಿತು.

“ಅಳಿಯಾರ, ಇದು ಏನು?”

“ಅದು ಸದ್ಯಕ್ಕೆ ಮಾವ.”

“ಹ್ಞೂಂ,” ಎಂದರು. ಆ ಒಂದು ಹ್ಞೂಂಕಾರದಲ್ಲಿ ಹಳೆಯ ನೀರಿನ ಪೈಪು ಮತ್ತೊಮ್ಮೆ ಚಿಮ್ಮಿದ್ದು ಹರಿಪ್ರಸಾದನಿಗೆ ಕೇಳಿಸಿತು. ಆದರೆ ಮರುದಿನದಿಂದ ಮುದುಕರು ಅವನ ಪಕ್ಕದಲ್ಲೇ ಕೂತರು. ಎಲ್ಲಿ ಉಬ್ಬಿದೆ ಎಂದು ಬೆರಳಿಟ್ಟು ತೋರಿಸುವರು, ತಾವು ಮುಟ್ಟುವುದಿಲ್ಲ. ಪುಸ್ತಿಕೆಯಲ್ಲಿ ಅಗಸೆ ಎಣ್ಣೆ ಹಚ್ಚಬೇಕೆಂದಿತ್ತು. ರಾಜಮ್ಮ ಚಟ್ನಿಗೆಂದು ತಂದ ಅಗಸೆಯನ್ನು ನೋಡಿ ನಿಟ್ಟುಸಿರಿಟ್ಟು, ಹೆಂಕ್ ಕಳಿಸಿದ ಎಣ್ಣೆಯನ್ನು ತಮ್ಮ ಹಳೆಯ ಇಳಕಲ್ ಸೀರೆಯ ತುಂಡಿನಿಂದ ತಾವೇ ತಿಕ್ಕಿದರು. ತಿಕ್ಕುತ್ತ ತಿಕ್ಕುತ್ತ ಹಂದಿಯ ಕಥೆ ಹೇಳಿದರು.

ಹಂದಿಯ ಕಥೆ ಆ ಮನೆತನದ ಆಸ್ತಿ. ಸಾವಿರದ ಒಂಬೈನೂರ ಎಂಬತ್ತಮೂರು. ರಾಜಮ್ಮನ ಹೊಟ್ಟೆಯಲ್ಲಿ ಊರ್ಮಿಳಾ. ಹೊಲದ ಅಂಚಿನಲ್ಲಿ ಹತ್ತೇ ಮಾರು ದೂರದಲ್ಲಿ ಒಂದು ದೊಡ್ಡ ಹೆಣ್ಣು ಹಂದಿ ಎದುರಾಗಿ ನಿಂತಿತು. ಹಾಲಪ್ಪನವರು ಗುರಿಯಿಟ್ಟರು. ನೋಡಿದರೆ ಅದೂ ಬಸುರಿ! “ನನ್ನ ಮನ್ಯಾಗೂ ಒಬ್ಬಾಕಿ ಅದಾಳ” ಎಂದು ಬಂದೂಕು ಇಳಿಸಿದರು. ಹಂದಿ ತಲೆ ಬಾಗಿಸಿ ಹೋಯಿತು. ಊರ್ಮಿಳಾಳ ಹೆಸರಿಡುವ ದಿನ ರಾಜಮ್ಮ ಇದನ್ನು ಹೇಳಿದರು, ಮದುವೆಯಲ್ಲಿ ಹೇಳಿದರು, ಹಾಲಪ್ಪನವರ ಬೀಳ್ಕೊಡುಗೆ ಸಮಾರಂಭದಲ್ಲಿ ಹೆಡ್‌ಮಾಸ್ತರರು ಹೇಳಿದರು. ಒಂದೊಂದು ಸಲಕ್ಕೂ ಹಂದಿ ತಲೆಯನ್ನು ಇನ್ನಷ್ಟು ಬಾಗಿಸುತ್ತಿತ್ತು. ಕಥೆ ನಡೆಯುವಾಗ ಹಾಲಪ್ಪನವರು ಮಾತ್ರ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ದೊಡ್ಡವರು ಹಾಗೆ, ತಮ್ಮ ಹೊಗಳಿಕೆ ಕೇಳಲಾರರು, ಎಂದು ಎಲ್ಲರೂ ಅಂದುಕೊಂಡಿದ್ದರು.

ಇಷ್ಟರಲ್ಲಿ ಆಯುಧಪೂಜೆ ಬಂತು.

“ಬಂದೂಕ ಇದ್ದ ಮನ್ಯಾಗ ಪೂಜಿ ಇಲ್ಲಂದ್ರ ಹೆಂಗ?” ಎಂದರು ಹಾಲಪ್ಪನವರು. ಮಣೆಯ ಮೇಲೆ ಮರದ ಹಿಡಿ, ಅದರೊಳಗೆ ಕರ್ಟನ್ ರಾಡು, ರಾಡಿಗೆ ವಿಭೂತಿ, ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಲ್ಯಾಪ್‌ಟಾಪು, ಮಿಕ್ಸಿ. ಹರಿಪ್ರಸಾದನ ಗೆಳೆಯ ವಾಮನ ಯುಟ್ರೆಕ್ಟ್‌ನಿಂದ ಕೋಸಂಬರಿ ತಿನ್ನಲು ಬಂದವನು ಫೋಟೊ ತೆಗೆದ.

“ಹರಿ, ಒಂದ್ಸಲ ಎತ್ತಿ ಹಿಡ್ಕೊಳೋ. ಹೆಗಲಿಗೆ! ಗುರಿ ಇಡೋ, ಆ ಕಡೆ, ಕಿಟಕಿ ಕಡೆ, ಅಲ್ಲಿ ಬೆಳಕು ಚೆನ್ನಾಗಿದೆ.”

ಹರಿಪ್ರಸಾದ ಹಣೆಯಲ್ಲಿ ಕುಂಕುಮ, ಹೆಗಲಲ್ಲಿ ಬಂದೂಕು, ಒಂದು ಕಣ್ಣು ಮುಚ್ಚಿ, ಪರದೆಯಿಲ್ಲದ ಕಿಟಕಿಯಲ್ಲಿ ನಿಂತ. ಎದುರುಮನೆಯ ಕಿಟಕಿಗೂ ಪರದೆಯಿರಲಿಲ್ಲ. ಅಲ್ಲಿ ಒಂಟಿಯಾಗಿದ್ದ ಹೆಂಗಸು ವಿಲ್ಲೆಮೀನ್ ಚಹಾ ಕುಡಿಯುತ್ತ ಕೂತಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಎದುರುಮನೆಯತ್ತ ನೋಡಿದಳು.

ಇಪ್ಪತ್ತು ನಿಮಿಷಕ್ಕೆ ಬಡಾವಣೆಯ ಪೊಲೀಸಿನವನು ಸೈಕಲ್ಲಿನ ಮೇಲೆ ಬಂದ. ಎತ್ತರದ ಮನುಷ್ಯ, ಬಾಗಿಲಲ್ಲಿ ಬಗ್ಗಿದವನು ಮಾತು ಮುಗಿಯುವ ತನಕ ಬಗ್ಗಿಯೇ ಇದ್ದ. ಹಿಂದೆ ಎರಡು ಕಾರುಗಳೂ ನಿಂತವು.

“ಇಲ್ಲಿ ಬಂದೂಕು ಇದೆಯೇ?”

“ಇಲ್ಲ,” ಎಂದ ಹರಿಪ್ರಸಾದ.

“ಐತ್ರಿ!” ಎಂದರು ಹಾಲಪ್ಪನವರು ಹೆಮ್ಮೆಯಿಂದ. ಭಾಷೆ ತಿಳಿಯದಿದ್ದರೂ ಪೊಲೀಸಿನವರ ಪ್ರಶ್ನೆ ಎಲ್ಲ ದೇಶದಲ್ಲೂ ಅವರಿಗೆ ತಿಳಿಯುತ್ತಿತ್ತು.

“ಅಪ್ಪಾ, ನೀ ಸುಮ್ನಿರು!” ಎಂದಳು ಊರ್ಮಿಳಾ.

ಪೊಲೀಸಿನವನು ಬೂಟು ಬಿಚ್ಚಿ ಒಳಗೆ ಬಂದ. ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಹೂವಿನ ಮಾಲೆಯನ್ನು ಎರಡು ಬೆರಳಲ್ಲಿ ಸರಿಸಿದ. ರಾಡನ್ನು ತಟ್ಟಿದ. ಅದು ಡಬ್ಬಿಯಂತೆ ಸದ್ದು ಮಾಡಿತು. ತುದಿಯಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು, ಅದನ್ನು ಓದಿದ.

“ಇದು ಪರದೆಯದ್ದು,” ಎಂದ.

“ಹೌದು. ನಿಜವಾದ ನಳಿಗೆ ಕ್ಲಬ್ಬಿನಲ್ಲಿದೆ.” ಹರಿಪ್ರಸಾದ ಹೆಂಕ್‌ಗೆ ಫೋನು ಹಚ್ಚಿ ಕೊಟ್ಟ. ಪೊಲೀಸಿನವನು ಹೆಂಕ್‌ನ ಮಾತು ಕೇಳಿ, ಎರಡು ಸಲ “ಹೌದು,” ಒಂದು ಸಲ “ಮಾವನಿಗಾಗಿಯೇ?” ಎಂದು, ಫೋನು ಹಿಂದಕ್ಕೆ ಕೊಟ್ಟ. ಆಮೇಲೆ ಮಣೆಯ ಮೇಲಿನ ಲ್ಯಾಪ್‌ಟಾಪನ್ನೂ ಮಿಕ್ಸಿಯನ್ನೂ ತೋರಿಸಿ, ಇವೇಕೆ ಇಲ್ಲಿವೆ ಎಂದು ಕೇಳಿದ.

“ವರ್ಷವಿಡೀ ನಮಗಾಗಿ ದುಡಿದದ್ದಕ್ಕೆ ಇವತ್ತು ಇವುಗಳಿಗೆ ನಾವು ಕೈ ಮುಗಿಯುತ್ತೇವೆ,” ಎಂದಳು ಊರ್ಮಿಳಾ.

ಪೊಲೀಸಿನವನು ಯೋಚಿಸಿದ. ಹೊರಗೆ ಹೋಗಿ ಕಾರುಗಳನ್ನು ಕಳಿಸಿದ. ಒಳಗೆ ಬಂದು ರಾಜಮ್ಮ ಕೊಟ್ಟ ಕೋಸಂಬರಿಯನ್ನು ತಿಂದ, ಹಸಿಮೆಣಸಿನಕಾಯಿ ಸಮೇತ. ಕಣ್ಣಲ್ಲಿ ನೀರು ಬಂದರೂ ಬಟ್ಟಲು ಖಾಲಿ ಮಾಡಿದ. ಹೊರಡುವಾಗ ಹೊಸಿಲಲ್ಲಿ ನಿಂತುಬಿಟ್ಟ. ಅವನ ಸೈಕಲ್ಲಿನ ಹ್ಯಾಂಡಲ್ಲಿಗೆ ವಿಭೂತಿ ಬಳಿದಿತ್ತು, ಬೆಲ್ಲಿಗೆ ಚೆಂಡುಹೂ ಸಿಕ್ಕಿಸಿತ್ತು, ಮುಂದಿನ ಗಾಲಿಯ ಕೆಳಗೆ ಒಂದು ನಿಂಬೆಹಣ್ಣು ಕೂತಿತ್ತು. ಹಾಲಪ್ಪನವರು ಕೈ ಒರೆಸಿಕೊಳ್ಳುತ್ತಿದ್ದರು.

“ಪಾಪ, ಅದೂ ದುಡದೈತ್ರಿ,” ಎಂದರು.

ಅವನು ನಿಂಬೆಹಣ್ಣಿನ ಮೇಲೆ ಗಾಲಿ ಹರಿಸಿ, ಹೂವನ್ನು ತೆಗೆಯದೆ ಹೋದ. ಹೋಗುವ ಮೊದಲು ಸರ್ಕಾರದ ಪರವಾಗಿ ಒಂದೇ ಸೂಚನೆ ಕೊಟ್ಟ. “ದಯವಿಟ್ಟು ಪರದೆ ಹಾಕಿ.”

ಸಂಜೆ ವಿಲ್ಲೆಮೀನ್ ಬಂದಳು. ಮುಖ ಕೆಂಪಾಗಿತ್ತು. ತನ್ನ ತಪ್ಪೆಂದಳು. ಊರ್ಮಿಳಾ, ಇಲ್ಲ ನಮ್ಮದೇ ತಪ್ಪೆಂದಳು. ತಪ್ಪು ಬಾಗಿಲಲ್ಲಿ ಎರಡು ಮೂರು ಸಲ ಅತ್ತಿತ್ತ ಹೋಗಿಬಂದ ಮೇಲೆ, ವಿಲ್ಲೆಮೀನ್ ಬೆನ್ನ ಹಿಂದಿನಿಂದ ಉದ್ದನೆಯದೊಂದನ್ನು ತೆಗೆದು ಕೊಟ್ಟಳು. ಅವಳ ಅಟ್ಟದಲ್ಲಿದ್ದ ಹಳೆಯ ಕರ್ಟನ್ ರಾಡು.

“ನಿಮ್ಮದನ್ನು ಬಂದೂಕಿನಿಂದ ತೆಗೆಯಬೇಡಿ,” ಎಂದಳು. “ನಿಮ್ಮ ತಂದೆ ಅದರ ಪಕ್ಕದಲ್ಲಿ ದಿನವೂ ಕೂತಿರುವುದು ನನಗೆ ಕಾಣುತ್ತದೆ.” ಅಂದರೆ ನೋಡಿಯೂ ನೋಡದವರು ನೋಡಿಯೇ ಇರುತ್ತಾರೆ.

ಅಕ್ಟೋಬರಿನ ಎರಡನೆಯ ಶನಿವಾರ ಬೆಳಿಗ್ಗೆ ಬಂದೂಕು ಪೂರ್ತಿಯಾಯಿತು. ಕ್ಲಬ್ಬಿನ ಮೇಜಿನ ಮೇಲೆ ಹೆಂಕ್ ನಿಜವಾದ ನಳಿಗೆಯನ್ನು ಕಾಲುವೆಯಲ್ಲಿಟ್ಟ. ಅದು ಇಳಿಯಿತು, ಅಲ್ಲಾಡದೆ, ಸಂದಿಲ್ಲದೆ, ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ. ಹರಿಪ್ರಸಾದ ನಂಬಲಾರದೆ ಹೊರತೆಗೆದು ಮತ್ತೆ ಇಟ್ಟ. ಮತ್ತೆ ಇಳಿಯಿತು. ಹಾಲಪ್ಪನವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಹೊಡೆಯುವುದು ಬಾಕಿಯಿತ್ತಲ್ಲ.

ಸುತ್ತ ಹತ್ತು ಹನ್ನೆರಡು ಜನ ಸದಸ್ಯರು, ಎಲ್ಲರೂ ಬಿಳಿತಲೆಯವರು. ಹಿಂದಿನ ಬೆಂಚಿನಲ್ಲಿ ಊರ್ಮಿಳಾ, ರಾಜಮ್ಮ, ಊಟದ ಡಬ್ಬಿ. ವಾಮನನ ಫೋನು ಸ್ಟ್ಯಾಂಡಿನ ಮೇಲೆ ನಿಂತು, ಇಡೀ ಕನ್ನಡ ಬಳಗಕ್ಕೆ ನೇರಪ್ರಸಾರ ಮಾಡುತ್ತಿತ್ತು. ಹರಿಪ್ರಸಾದ ಆಫೀಸಿನ ಅಭ್ಯಾಸದಂತೆ ಇಪ್ಪತ್ತೇಳು ಅಂಶಗಳ ಪಟ್ಟಿ ಬರೆದು, ಪ್ಲಾಸ್ಟಿಕ್ ಹೊದಿಸಿ ತಂದಿದ್ದ. ಒಂದೊಂದು ಮುಗಿದಂತೆ ಗುರುತು ಹಾಕುವುದು.

ಒಂಬತ್ತನೆಯ ಅಂಶ, ಮದ್ದು ಅಳೆಯುವುದು. ಹಿತ್ತಾಳೆಯ ಅಳತೆಗೊಳವೆಗೆ ಕರಿಯ ಮದ್ದು ತುಂಬಿದ. ಗುರುತು ಹಾಕಿದ. ಹತ್ತನೆಯದಕ್ಕೆ ಹೋಗಬೇಕೆನ್ನುವಾಗ ಪಕ್ಕದಲ್ಲಿ ನಿಂತ ಹಾಲಪ್ಪನವರ ಮೂಗು ಕಂಡಿತು. ಅದು ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ಮೂಸಿ ನೋಡಿ ಮಾವ,” ಎಂದು ಕೊಳವೆಯನ್ನು ಅವರ ಕೈಗೆ ಕೊಟ್ಟ.

ಹಾಲಪ್ಪನವರು ಮೂಸಿದರು. ಕಣ್ಣು ಮುಚ್ಚಿದರು. ಠಾಣೆಯಲ್ಲಿ ಬಿಟ್ಟು ಬಂದಮೇಲೆ ಮೊದಲ ಸಲ ಅವರ ಮುಖ ಸಡಿಲವಾಯಿತು. ಹರಿಪ್ರಸಾದ ಅದನ್ನೇ ನೋಡುತ್ತ ನಿಂತ. ಮುಖ ತಿರುಗಿಸಿ ಪಟ್ಟಿ ನೋಡಿದ. ಹನ್ನೊಂದು, ಬಟ್ಟೆಯ ತುಂಡು. ಹನ್ನೆರಡು, ಗುಂಡು. ಹದಿಮೂರು, ಗಜದಿಂದ ಜಡಿಯುವುದು, ಜಡಿದ. ಕೇಪು ಸಿಕ್ಕಿಸಿದ. ಹೆಗಲಿಗೇರಿಸಿದ. ಉಸಿರು ಹಿಡಿದ.

“ಬಳಗದವರೆಲ್ಲ ನೋಡ್ರಪ್ಪಾ!” ಎಂದ ವಾಮನ.

ಟಪ್.

ಅಷ್ಟೇ. ಪಟಾಕಿ ಅಂಗಡಿಯ ಅತಿ ಅಗ್ಗದ ಪಟಾಕಿ ಕೂಡ ಅಂಥ ಸದ್ದು ಮಾಡಲು ನಾಚುತ್ತಿತ್ತು. ಗುರಿಹಲಗೆ ಹಾಗೇ ಇತ್ತು. ವಾಮನ ಫೋನಿನೊಳಗೆ, “ಸೌಂಡ್ ಪ್ರಾಬ್ಲಂ ಅನ್ಸುತ್ತೆ, ಒಂದು ನಿಮಿಷ,” ಎಂದ.

ಹೆಂಕ್ ಶಾಂತವಾಗಿ ನಳಿಗೆಯನ್ನು ಗುರಿಹಲಗೆಯತ್ತಲೇ ಒತ್ತಿಹಿಡಿದು, ಒಂದು ನಿಮಿಷ ಕಾಯಿಸಿದ. ಆಮೇಲೆ ಎಲ್ಲರೂ ಒಂದೇ ಕಡೆ ನೋಡಿದರು. ಹಾಲಪ್ಪನವರ ಕೈಯಲ್ಲಿ ಹಿತ್ತಾಳೆಯ ಕೊಳವೆ. ತುಂಬ ಮದ್ದು.

ಹರಿಪ್ರಸಾದನ ಕಿವಿ ಸುಟ್ಟಂತಾಯಿತು. ಇಪ್ಪತ್ತೇಳು ಅಂಶ, ಪ್ಲಾಸ್ಟಿಕ್ ಬೇರೆ. ಜೂನಿನಿಂದ ಉಜ್ಜಿದ್ದೆಲ್ಲ ಆ ಟಪ್ಪಿನಲ್ಲಿ ಹೋಯಿತು. ಗೋಡೆಯ ಪೈಪಿನ ಪಕ್ಕದಲ್ಲಿ ಇದೂ ಸೇರಿತು. ಇನ್ನು ಸಾಯುವ ತನಕ ಹಾನಗಲ್ಲಿನಲ್ಲಿ ಇದೇ ಮಾತು.

ಹೆಂಕ್ ಗಜದ ತುದಿಗೆ ಒಂದು ತಿರುಪು ಜೋಡಿಸಿ, ಒಳಗಿನ ಗುಂಡನ್ನು ಕೊರೆದು ಎಳೆಯತೊಡಗಿದ. ಅದು ಬರುವ ತನಕ ಮಾಡಲು ಬೇರೇನೂ ಇಲ್ಲ. ಹಾಲಪ್ಪನವರು ಅಳಿಯನ ತೋಳು ಹಿಡಿದು ಗೋಡೆಯ ಕಡೆಗೆ ಕರೆದೊಯ್ದರು. ಸುತ್ತಮುತ್ತ ಕನ್ನಡ ಬಲ್ಲವರಾರೂ ಹತ್ತಿರ ಇಲ್ಲವೆಂದು ನೋಡಿಕೊಂಡರು.

“ಅಳಿಯಾರ, ಒಂದು ಮಾತು. ಯಾರ ಮುಂದೂ ಹೇಳಬ್ಯಾಡ್ರಿ.”

“ಹೇಳಿ ಮಾವ.”

“ಆ ಹಂದಿ.”

“ಯಾವ ಹಂದಿ ಮಾವ?”

“ಎಂಬತ್ಮೂರರ ಹಂದಿರಿ. ಬಸರಿ ಹಂದಿ. ನಾ ಬಿಟ್ಟಿದ್ದಿಲ್ಲ.” ಮುದುಕರು ದನಿ ತಗ್ಗಿಸಿದರು. “ಬೆದರಸಾಕ ಅದರ ತಲಿ ಮ್ಯಾಲಿಂದ ಹೊಡದೆ. ಟಪ್ ಅಂತು. ಮದ್ದ ಹಾಕಿದ್ದಿಲ್ಲ. ಹಂದಿ ನನ್ನ ಮಾರಿ ನೋಡ್ತು. ನಾನು ಹಂದಿ ಮಾರಿ ನೋಡಿದೆ. ಅದ ಹೋಗ್ಲಿ ಬಿಡಪಾ ಅಂತ ನನ್ನ ಬಿಟ್ಟ ಹೋತು.”

ಹರಿಪ್ರಸಾದ ತಿರುಗಿ ಬೆಂಚಿನಲ್ಲಿದ್ದ ಅತ್ತೆಯನ್ನು ನೋಡಿದ.

“ಮನಿಗೆ ಬಂದು ನಡುಗಾಕತ್ತಿದ್ದೆ. ಯಾಕ ಅಂತ ನಿಮ್ಮತ್ತಿ ಕೇಳಿದಳು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆಮ್ಯಾಲ ವಾಪಸ್ ತಗೊಳ್ಳಾಕ ಆಗ್ಲಿಲ್ಲ.” ಅವರು ಅಳಿಯನ ಕೈಯನ್ನು ಹಿಡಿದು, ಹೆಂಕ್ ಮಾಡಿದಂತೆಯೇ ತಿರುಗಿಸಿ ನೋಡಿದರು. ಅಂಗೈ ಈಗ ಜಡ್ಡುಗಟ್ಟಿತ್ತು. “ನಳಗಿ ಚಲೋ ಕುಂತೈತಿ. ಅಂಥಾ ಕೆಲಸ ನನಗೂ ಬರೂದಿಲ್ಲ. ನಡೀರಿ, ಮದ್ದ ನಾ ಹಾಕ್ತೀನಿ.”

ಎರಡನೆಯ ಸಲ ಮದ್ದನ್ನು ಹೆಂಕ್‌ನ ಕಣ್ಣೆದುರಿಗೆ ಹಾಲಪ್ಪನವರೇ ಸುರಿದರು. ಹೊಡೆದವನು ಹರಿಪ್ರಸಾದ. ಢಂ ಎಂದಿತು. ಬಿಳಿಯ ಹೊಗೆಯಲ್ಲಿ ಎಲ್ಲರೂ ಮಾಯವಾದರು. ಒಳಗಿನಿಂದ ಹಾಲಪ್ಪನವರ ನಗು ಮಾತ್ರ ಕೇಳಿಸುತ್ತಿತ್ತು. ಹೊಗೆ ತಿಳಿಯಾದಾಗ ಹರಿಪ್ರಸಾದನ ಗುರಿಹಲಗೆ ಮೊದಲಿನಂತೆಯೇ ಶುದ್ಧವಾಗಿತ್ತು. ಪಕ್ಕದ, ಹೆಂಕ್‌ನ ಗುರಿಹಲಗೆಯ ನಟ್ಟನಡುವೆ ತೂತು ಬಿದ್ದಿತ್ತು. ಈ ವರ್ಷದಲ್ಲಿ ಇದೇ ತನ್ನ ಅತ್ಯುತ್ತಮ ಗುರಿ ಎಂದು ಹೆಂಕ್ ಅದರ ಕಾಗದವನ್ನು ಜೋಪಾನವಾಗಿ ಮಡಚಿಟ್ಟುಕೊಂಡ.

ಕಾಫಿಯ ಕೋಣೆಯ ಗೋಡೆಯಲ್ಲಿ ಒಂದು ಕರಿಹಲಗೆಯಿತ್ತು. ಹೆಂಕ್ ಸೀಮೆಸುಣ್ಣ ತೆಗೆದ. “ಇದು ಮದ್ದು ಮರೆತವರ ಪಟ್ಟಿ. ಮರೆತವನು ಮುಂದಿನ ಶನಿವಾರ ಎಲ್ಲರಿಗೂ ಕೇಕು ತರಬೇಕು. ಐವತ್ತು ವರ್ಷದ ಪದ್ಧತಿ.” ಹೆಂಕ್‌ನ ಹೆಸರು ಅದರಲ್ಲಿ ನಾಲ್ಕು ಸಲ ಇತ್ತು. ಸುತ್ತಲಿದ್ದ ಬಿಳಿತಲೆಗಳೆಲ್ಲವೂ ಇದ್ದವು. ಕೆಳಗೆ ಹರಿಪ್ರಸಾದನ ಹೆಸರು, ಪಕ್ಕದಲ್ಲಿ ಇಸವಿ ಬಂತು.

ಹರಿಪ್ರಸಾದ ಓದಿ ಹೇಳಿದ್ದನ್ನು ಹಾಲಪ್ಪನವರು ಕೇಳಿದರು. ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟು ಜನ, ಅಷ್ಟು ವರ್ಷ, ಎಲ್ಲ ರಾಜಾರೋಷವಾಗಿ. ಅವರು ಹೆಂಕ್‌ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ. ಅಳಿಯನ ಹೆಸರಿನ ಕೆಳಗೆ ದುಂಡಾದ ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು. ಪಕ್ಕದಲ್ಲಿ ಬರೆದರು: 1983.

ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಹಿಂದೆ ಊಟದ ಡಬ್ಬಿ ಬಿಚ್ಚುತ್ತಿದ್ದ ರಾಜಮ್ಮ ತಲೆಯೆತ್ತಿದರು. ಅಂಕಿಗಳು ಅವರಿಗೂ ಓದಲು ಬರುತ್ತಿದ್ದವು.

“ಅಪ್ಪಾ, ಎಂಬತ್ಮೂರು ಯಾಕ?” ಎಂದಳು ಊರ್ಮಿಳಾ. “ಅದು ನಾ ಹುಟ್ಟಿದ ವರ್ಷ. ಅದು ಹಂದಿ...” ಹಾಲಪ್ಪನವರು ನೀರು ಎಲ್ಲಿದೆಯೆಂದು ಸುತ್ತ ನೋಡತೊಡಗಿದರು.

“ಅಂತೂ ಬರದ್ರಿ,” ಎಂದರು ರಾಜಮ್ಮ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕುತ್ತ. “ಆವತ್ತ ನೀವು ಹೊಲಕ್ಕ ಹೋದಮ್ಯಾಲ ನೋಡ್ತೀನಿ, ಮದ್ದಿನ ಡಬ್ಬಿ ನಮ್ಮ ಅಡಗಿಮನಿ ಗೂಟಕ್ಕ ತೂಗ್ಯಾಡಾಕತ್ತಿತ್ತು.”

“ಮತ್ತ... ನಲವತ್ತೆರಡು ವರ್ಷ ಊರ ತುಂಬ ಆ ಕಥಿ ನೀನ ಹೇಳಿದೆಲ್ಲ!”

“ಮತ್ತೇನ್ ಮಾಡ್ಲಿ? ನೀವು ನಡಗೂದು ನೋಡಿದ್ದೆ,” ಎಂದು ಮೊದಲ ರೊಟ್ಟಿಯನ್ನು ಗಂಡನಿಗಲ್ಲ, ಅಳಿಯನಿಗೆ ಕೊಟ್ಟರು. “ತಿನ್ರಿ ಹರಿಪ್ರಸಾದ. ಮುಂದಿನ ವಾರ ಕೇಕ್ ಎರಡು ಒಯ್ಯಬೇಕು.”